ಸೋದರತ್ತೆ, ಮಗು ಜೊತೆಗೆ

ಏಳು ನಿಮಿಷ ಹನ್ನೆರಡು ಸೆಕೆಂಡು. ದರ್ಜಿ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಕಡುನೀಲಿ ಜಾಕೆಟ್ಟಿನ ಭುಜಕ್ಕೆ ಚುಚ್ಚುತ್ತಿದ್ದ. ತಲೆಯಲ್ಲಿ ಮಾತ್ರ ನಾಲ್ಕು ದಿನದಿಂದ ಅದೇ ಏಳು ನಿಮಿಷ ಹನ್ನೆರಡು ಸೆಕೆಂಡು ಗಿರಕಿ ಹೊಡೆಯುತ್ತಿತ್ತು. ಅಷ್ಟು ಹೊತ್ತಿನಲ್ಲಿ ಒಬ್ಬ ಮನುಷ್ಯ ಏನೆಲ್ಲ ಕೇಳಿಸಿಕೊಳ್ಳಬಹುದು ಎಂದು ಅವನು ಗೋಡೆಯ ಗಡಿಯಾರ ನೋಡಿಕೊಂಡು ಪರೀಕ್ಷೆ ಕೂಡ ಮಾಡಿದ್ದ. ಒಂದು ಕಾಲರ್ ಹೊಲಿದು ಮುಗಿಸಬಹುದು. ಬೆಂಚಿನ ಮೇಲೆ ಕೂತ ಗಿರಾಕಿ ಸೊಸೆಯ ಮೇಲಿನ ದೂರನ್ನೆಲ್ಲ ಹೇಳಿ ಮುಗಿಸಿ, ನೀರು ಕುಡಿದು, ಮಗನ ಮೇಲಿನ ದೂರಿಗೆ ಕೈ ಹಾಕಬಹುದು. ಫೋನು ಈಗ ಕತ್ತರಿಸುವ ಮೇಜಿನ ಕೆಳಗೆ, ಚಿಂದಿಬಟ್ಟೆಯ ಡಬ್ಬದೊಳಗೆ, ಮೂರು ಪದರ ಉಣ್ಣೆಯ ಅಡಿಯಲ್ಲಿ ಮಲಗಿತ್ತು. ಅದನ್ನು ಹಾಗೆ ಹೂತಿಟ್ಟವನೂ ಅವನೇ, ಗಳಿಗೆಗೊಮ್ಮೆ ಬಗೆದು ತೆಗೆದು ಸೋದರತ್ತೆಯ ಕರೆ ಬಂದಿದೆಯೇ ಎಂದು ನೋಡುವವನೂ ಅವನೇ. ಬಂದಿರಲಿಲ್ಲ. ಪಕ್ಕದ ಮನೆಯ ಬೆಕ್ಕು ಸೀನಿದರೂ ಫೋನು ಮಾಡಿ ಹೇಳುವ ಸೋದರತ್ತೆ ನಾಲ್ಕು ದಿನದಿಂದ ತುಟಿಪಿಟಕ್ ಎಂದಿರಲಿಲ್ಲ. ಅವಳ ಮಾತು ಅವನಿಗೆ ಅಭ್ಯಾಸವಿತ್ತು. ಈ ಮೌನವನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯುತ್ತಿರಲಿಲ್ಲ.

ಅವನ ಅಂಗಡಿಯಲ್ಲಿ ಅಳತೆಯ ಅಂಕಿಗಳನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇಲ್ಲ. ಮದುವೆಯಾದ ಹೊಸತರಲ್ಲಿ ಒಮ್ಮೆ, ಪರದೆಯ ಆಚೆ ಪುಸ್ತಕ ಹಿಡಿದು ಕೂತಿದ್ದ ಹೆಂಡತಿಗೆ ಅವನು ಈಚೆಯಿಂದ ‘ನಲವತ್ತು’ ಎಂದು ಕೂಗಿದ್ದ. ಬೆಂಚಿನಲ್ಲಿದ್ದ ಇಬ್ಬರು ಕಿಸಕ್ಕನೆ ನಕ್ಕರು, ಅಳತೆ ಕೊಡುತ್ತಿದ್ದ ಹೆಂಗಸಿನ ಕಿವಿಯ ತುದಿ ಕೆಂಪಾಯಿತು. ಆ ಸಂಜೆಯೇ ಹೆಂಡತಿ ಕೂತು ಹೊಸ ಲೆಕ್ಕ ಕಟ್ಟಿದಳು. ಮೂವತ್ತೆರಡು ಅಂಗುಲ ಎಂದರೆ ಚಿಕ್ಕಮ್ಮ. ಮೂವತ್ತನಾಲ್ಕು ಅತ್ತಿಗೆ, ಮೂವತ್ತಾರು ಸೋದರತ್ತೆ, ಮೂವತ್ತೆಂಟು ದೊಡ್ಡಮ್ಮ, ನಲವತ್ತು ಅಜ್ಜಿ. ನಡುವೆ ಒಂದಂಗುಲ ಹೆಚ್ಚಿಗೆ ಇದ್ದರೆ ‘ಮಗು ಜೊತೆಗೆ’. ಹೀಗಾಗಿ ಪರದೆಯ ಹಿಂದಿನಿಂದ ಅವನು ಗಂಭೀರವಾಗಿ ‘ಸೋದರತ್ತೆ, ಮಗು ಜೊತೆಗೆ’ ಎಂದರೆ ಪುಸ್ತಕದಲ್ಲಿ ಮೂವತ್ತೇಳು ಎಂದು ಬೀಳುತ್ತಿತ್ತು. ಮಾಸ್ಟ್ರದು ತುಂಬು ಸಂಸಾರ, ಕೆಲಸದ ನಡುವೆಯೂ ನೆಂಟರ ಯೋಗಕ್ಷೇಮ ಮರೆಯುವುದಿಲ್ಲ ಎಂದು ಕಾಯುತ್ತಿದ್ದ ಗಿರಾಕಿಗಳು ಮೆಚ್ಚಿಕೊಂಡರು. ಮೂವತ್ತಕ್ಕೂ ಹೆಚ್ಚು ವರ್ಷ ಹಾಗೇ ನಡೆಯಿತು. ಹೋದ ತಿಂಗಳು ಹೆಂಡತಿಗೆ ಕಣ್ಣಿನ ಪೊರೆ ತೆಗೆದರು, ಒಂದು ತಿಂಗಳು ಓದುಬರಹ ಬೇಡ ಎಂದರು. ಕಪ್ಪು ಕನ್ನಡಕ ಹಾಕಿಕೊಂಡು ಅವಳು ಬಾಗಿಲ ಬಳಿಯ ಕುರ್ಚಿಯಲ್ಲಿ ರಾಣಿಯ ಹಾಗೆ ಕೂತಳು, ಅವನು ಹೇಳಿದ್ದನ್ನು ತಾನೇ ಬರೆದುಕೊಳ್ಳುವ ಫೋನಿನ ಮೊರೆಹೊಕ್ಕ.

ನಾಲ್ಕು ದಿನದ ಹಿಂದೆ ಲೆಕ್ಕದ ಮೇಡಂ ಬಂದು ಅಳತೆ ಕೊಟ್ಟುಹೋಗಿದ್ದರು. ಶಾಲೆಯಲ್ಲಿ ಮೂವತ್ತೈದು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಅವರನ್ನು ವೇದಿಕೆಗೆ ಕರೆಯುತ್ತಾರಂತೆ, ಅದಕ್ಕೊಂದು ಜಾಕೆಟ್ಟು. ಮೂರು ವರ್ಷದ ಹಿಂದೆ ಶಸ್ತ್ರಚಿಕಿತ್ಸೆಯಲ್ಲಿ ಅವರ ಎಡಸ್ತನವನ್ನು ತೆಗೆದಿದ್ದರು. ಆ ಸಂಗತಿ ಗೊತ್ತಿದ್ದದ್ದು ಆಸ್ಪತ್ರೆಗೆ, ಈ ದರ್ಜಿಗೆ ಮತ್ತು ಅಳತೆ ಬರೆಯುವ ಅವನ ಹೆಂಡತಿಗೆ. ಅವನು ಲೈನಿಂಗಿನ ಒಳಗೆ ಹತ್ತಿಯ ಪದರಗಳನ್ನು ಕೂರಿಸಿ, ನೋಡಿದವರಿಗೆ ಎಳ್ಳಷ್ಟೂ ಸಂಶಯ ಬಾರದ ಹಾಗೆ ಹೊಲಿದುಕೊಡುತ್ತಿದ್ದ. ಹೆಂಡತಿ ಕಟ್ಟಿದ ಲೆಕ್ಕದಲ್ಲಿ ಇದಕ್ಕೆ ಯಾವ ನೆಂಟರೂ ಇರಲಿಲ್ಲ. ಅವನು ಫೋನನ್ನು ಮೇಜಿನ ಮೇಲಿಟ್ಟು, ಬೆನ್ನು ತಿರುಗಿಸಿ ಬಟ್ಟೆಗೆ ಸೀಮೆಸುಣ್ಣದ ಗುರುತು ಹಾಕುತ್ತ, ಕಿವುಡರಿಗೆ ಹೇಳುವಂತೆ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದ: ಲೆಕ್ಕದ ಮೇಡಂ. ಸೋದರತ್ತೆ, ಮಗು ಜೊತೆಗೆ. ಎಡಗಡೆ ಬರಿದು. ಹತ್ತಿ ಮೂರು ಪದರ, ಕೆಳಗಿನದು ದಪ್ಪ. ಅಲ್ಲಿಂದ ಮುಂದೆ ಕಂಕುಳಿನ ಗಾಯದ ಗೆರೆ, ಅದಕ್ಕೆ ತಾಗದಂಥ ಹೊಲಿಗೆ, ಎಲ್ಲವನ್ನೂ. ಅವನಿಗೆ ಈ ಕೆಲಸದ ಬಗ್ಗೆ ಹೆಮ್ಮೆಯಿತ್ತು, ಆದ್ದರಿಂದ ಸ್ವಲ್ಪ ಲಂಬಿಸಿಯೇ ಹೇಳಿದ. ತಿರುಗಿದಾಗ ಫೋನಿನ ಪರದೆಯ ಮೇಲೆ ಬರಹವಿರಲಿಲ್ಲ. ಸೋದರತ್ತೆಯ ದುಂಡುಮುಖವಿತ್ತು, ಅದರ ಕೆಳಗೆ ಸೆಕೆಂಡುಗಳು ಓಡುತ್ತಿದ್ದವು. ಫೋನಿನೊಳಗೆ ಸದಾ ಕಿವಿಗೊಟ್ಟು ಕೂತ ಸಹಾಯಕಿಯೊಬ್ಬಳು ‘ಸೋದರತ್ತೆ’ ಎಂಬ ಮಾತು ಬಿದ್ದದ್ದೇ ತಡ, ಯಜಮಾನರಿಗೆ ಅತ್ತೆಯ ನೆನಪಾಗಿದೆ ಎಂದು ಕರೆ ಹಚ್ಚಿಬಿಟ್ಟಿದ್ದಳು. ಅವನು ಬೆರಳು ಒತ್ತುವಷ್ಟರಲ್ಲಿ ಏಳು ನಿಮಿಷ ಹನ್ನೆರಡು ಸೆಕೆಂಡು ಆಗಿತ್ತು. ಆ ಕಡೆಯಿಂದ ‘ಹಲೋ’ ಎಂಬ ಒಂದು ಮಾತೂ ಬಂದಿರಲಿಲ್ಲ.

ಬೇರೆ ಯಾರ ಕಿವಿಗೆ ಬಿದ್ದಿದ್ದರೂ ಅವನು ಇಷ್ಟು ಹಣ್ಣಾಗುತ್ತಿರಲಿಲ್ಲ. ಇಪ್ಪತ್ತನೇ ವಯಸ್ಸಿನಲ್ಲಿ ಅವನು ಗುಂಡಿ ಅಂಗಡಿಯ ಹುಡುಗಿಗೆ ಬರೆದ ಕಾಗದ ಇದೇ ಸೋದರತ್ತೆಯ ಕೈಗೆ ಸಿಕ್ಕಿತ್ತು. ಅವಳು ಅದನ್ನು ಮನೆಮಂದಿಯೆಲ್ಲ ಊಟಕ್ಕೆ ಕೂತಾಗ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಎಲ್ಲಿ ನಿಟ್ಟುಸಿರು ಬಿಡಬೇಕೋ ಅಲ್ಲಿ ಬಿಟ್ಟು, ಅಚ್ಚುಕಟ್ಟಾಗಿ ಓದಿದಳು. ‘ನಿನ್ನ ಬೆರಳುಗಳು ಗುಂಡಿ ಎಣಿಸುವಾಗ’ ಎಂಬ ಸಾಲಿಗೆ ಅಪ್ಪ ನಗಲಾರದೆ ಕೆಮ್ಮಿದ್ದು, ಚಿಕ್ಕಪ್ಪ ನಕ್ಕು ಕೆಮ್ಮಿದ್ದು, ತಾನು ತಟ್ಟೆಯ ಅಂಚನ್ನು ಹಿಡಿದು ನೆಲ ಬಾಯಿಬಿಡಲಿ ಎಂದು ಕಾದದ್ದು ಇವತ್ತಿಗೂ ಅವನ ಕಣ್ಣಿಗೆ ಕಟ್ಟಿದಂತಿದೆ. ಆ ಓದಿನಿಂದಲೇ ಮದುವೆ ಬೇಗ ಕುದುರಿತು ಎನ್ನುವುದು ಬೇರೆ ಮಾತು. ಗುಂಡಿ ಅಂಗಡಿಯ ಹುಡುಗಿ ಈಗ ಕಪ್ಪು ಕನ್ನಡಕದ ಒಳಗಿನಿಂದ, ಏನ್ರೀ ನಾಲ್ಕು ದಿನದಿಂದ ಸೂಜಿ ನುಂಗಿದವರ ಹಾಗಿದ್ದೀರಿ ಎಂದು ಕೇಳುತ್ತಾಳೆ. ಅವಳಿಗೂ ಅವನು ಹೇಳಿರಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಹುಚ್ಚು ಭಯ. ಮೇಡಂ ಸಂಜೆ ನಾಲ್ಕಕ್ಕೆ ಟ್ರಯಲ್ ನೋಡಲು ಬರುತ್ತಾರೆ. ಅಷ್ಟರೊಳಗೆ ಈ ಚಾಡಿಕೋರ ಯಂತ್ರಕ್ಕೆ ಒಂದು ಗತಿ ಕಾಣಿಸಬೇಕು. ಆಮೇಲೆ ಅವರ ಮುಖ ನೋಡುವ ಧೈರ್ಯ ಬಂದರೂ ಬರಬಹುದು ಎಂದುಕೊಂಡು ಅವನು ಸೂಜಿಗಳನ್ನು ದಿಂಬಿಗೆ ಚುಚ್ಚಿ, ಡಬ್ಬದಿಂದ ಫೋನನ್ನು ಬಗೆದು ತೆಗೆದು ಹೊರಬಿದ್ದ.

ಫೋನು ರಿಪೇರಿಯ ಅಂಗಡಿ ಎರಡು ಬೀದಿ ಆಚೆ, ಮೆಟ್ಟಿಲ ಕೆಳಗಿನ ಗೂಡು. ಅದರ ಒಡತಿಗೆ ಇನ್ನೂ ಮೂವತ್ತಾಗಿರಲಿಕ್ಕಿಲ್ಲ, ಆದರೂ ಬರುವ ಮುದುಕರಿಂದ ಹಿಡಿದು ಎಲ್ಲರಿಗೂ ಅವಳು ಅಕ್ಕ. ಹಣೆಯ ಮೇಲೆ ಭೂತಗನ್ನಡಿ ಏರಿಸಿಕೊಂಡು ಅವಳು ಅವನ ಕತೆಯ ಅರ್ಧವನ್ನು ಕೇಳಿದಳು. ಉಳಿದರ್ಧವನ್ನು ಅವನು ಹೇಳಲಿಲ್ಲ, ‘ಒಬ್ಬರ ವಿಷಯ ಇನ್ನೊಬ್ಬರಿಗೆ ಹೋಯಿತು’ ಎಂದಷ್ಟೇ ಅಂದ. ಸಹಾಯಕಿಯನ್ನು ಆರಿಸಿಬಿಟ್ಟರೆ ಸಾಲದೇ ಎಂದು ಅಕ್ಕ ಕೇಳಿದಳು. ಸಾಲದು ಎಂದ. ಈಗಾಗಲೇ ಒಮ್ಮೆ ಆರಿಸಿದ್ದ, ಹೊಸ ಅಪ್‌ಡೇಟ್ ಬಂದ ಮಾರನೆಯ ದಿನ ಅವಳು ಏನೂ ಆಗದವಳಂತೆ ಎದ್ದು ಕೂತಿದ್ದಳು. ಹಾಗಾದರೆ ಬೇರು ಸಮೇತ ಬದಲಿಸಬೇಕು ಎಂದು ಅಕ್ಕ ಸ್ಕ್ರೂ ಡ್ರೈವರ್ ಕೆಳಗಿಟ್ಟಳು. ಫೋನಿನ ಒಳಗೆ ಎಲ್ಲವನ್ನೂ ನಡೆಸುವ ಒಂದು ವ್ಯವಸ್ಥೆ ಇರುತ್ತದೆ, ಅದನ್ನು ತೆಗೆದು, ಗುಟ್ಟು ಕಾಯುವವರು ಮಾಡಿದ ಬೇರೆ ವ್ಯವಸ್ಥೆ ಕೂರಿಸಬಹುದು, ಅಂಥವು ತನಗೆ ಗೊತ್ತಿರುವಂತೆ ಮೂರು ಬಗೆ. ಅವನು ಸ್ಟೂಲು ಎಳೆದುಕೊಂಡ. ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚಿಸುವಾಗ ಕೂರುವ ಹಾಗೆ ಕೂತ, ನಾಲ್ಕು ದಿನದಲ್ಲಿ ಮೊದಲ ಸಲ ಅವನ ಬೆರಳುಗಳಿಗೆ ಜೀವ ಬಂತು.

ಅಕ್ಕ ಹೇಳಿದಂತೆ, ಮೊದಲನೆಯದರಲ್ಲಿ ಆ ಸಹಾಯಕಿಯನ್ನು ಸಾಕಿದ ದೊಡ್ಡ ಕಂಪನಿಯದು ಎನ್ನುವುದು ಒಂದು ಎಳೆಯೂ ಇಲ್ಲ, ಎಲ್ಲವನ್ನೂ ಕಿತ್ತುಹಾಕಿದ್ದಾರೆ. ಹಳೆಯ ಫೋನಿಗೂ ಕೂರುತ್ತದೆ. ಆದರೆ ಬ್ಯಾಂಕಿನ ಆ್ಯಪ್ ಮುನಿಸಿಕೊಂಡು ಕೂರಬಹುದು. ಎರಡನೆಯದು ನೋಡಲು ಚೆಂದ, ಕಲಿಯಲು ಸುಲಭ, ಚಿತ್ರಗಳನ್ನಿಡಲು ಅವರದೇ ಕಪಾಟು ಕೊಡುತ್ತಾರೆ, ಆದರೆ ಕಳ್ಳರಿಗೆ ಕಂಡ ತೂತುಗಳನ್ನು ಮುಚ್ಚುವುದು ಕೊಂಚ ತಡ. ಮೂರನೆಯದು ಕಟ್ಟುನಿಟ್ಟಿನದು. ಕಂಪನಿಯ ಸಾಮಾನು ಬೇಕಾದರೆ ಹಾಕಿಕೊಳ್ಳಬಹುದು, ಆದರೆ ಅದಕ್ಕೆ ಮನೆಯಳಿಯನ ಮರ್ಯಾದೆ ಇಲ್ಲ, ಎಲ್ಲ ಆ್ಯಪ್‌ಗಳ ಹಾಗೆ ಒಂದು ಕೋಣೆಯೊಳಗೆ ಇದ್ದು, ಪ್ರತಿಯೊಂದಕ್ಕೂ ಕೇಳಿಯೇ ಮುಟ್ಟಬೇಕು. ತೊಂದರೆ ಏನೆಂದರೆ ಅದು ಕೆಲವೇ ಬಗೆಯ ಫೋನುಗಳಿಗೆ ಕೂರುತ್ತದೆ. ದರ್ಜಿ ಕೇಳಿದ ಪ್ರಶ್ನೆಗಳಿಗೆ ಅಕ್ಕನಿಗೆ ನಗು ಬಂತು. ಒಗೆದರೆ ಕುಗ್ಗುತ್ತದೆಯೇ ಎನ್ನುವ ಧಾಟಿಯಲ್ಲಿ, ಅಪ್‌ಡೇಟ್ ಬಂದಾಗ ನಾನು ಬೇಡ ಎಂದದ್ದು ಬೇಡ ಎಂದೇ ಉಳಿಯುತ್ತದೆಯೇ ಎಂದು ಕೇಳಿದ. ಮಾಡಿದವರು ಯಾರು, ಅವರಿಗೇನು ಲಾಭ, ಪುಕ್ಕಟೆ ಕೊಡುವವರನ್ನು ಹೇಗೆ ನಂಬುವುದು ಎಂದ. ಕಡೆಗೆ, ಬಟ್ಟೆ ಕೊಳ್ಳುವಾಗಿನ ದಶಕಗಳ ಅಭ್ಯಾಸದಿಂದ, ಬಾಯಿಗೆ ತಾನಾಗಿ ಬಂದ ಮಾತನ್ನು ಹೇಳಿದ:

“ಹಿಂಬದಿ ತೋರಿಸ್ತೀಯಾ?”

ಅಕ್ಕ ಒಂದು ಕ್ಷಣ ಅವನನ್ನೇ ನೋಡಿದಳು. ಆಮೇಲೆ ತನ್ನ ಕಂಪ್ಯೂಟರಿನ ಪರದೆಯನ್ನು ಅವನ ಕಡೆ ತಿರುಗಿಸಿ ಆ ಮೂರನೆಯದರ ಒಳಬರಹ ತೆರೆದಳು. ಸಾಲು ಸಾಲು ಸಣ್ಣ ಅಕ್ಷರ. ಅವನಿಗೆ ಒಂದೂ ಅರ್ಥವಾಗಲಿಲ್ಲ. ಆದರೆ ಸಾಲುಗಳು ಒಂದೇ ಅಳತೆಯಲ್ಲಿ ಒಳಸರಿದು, ಒಂದರೊಳಗೊಂದು ಮಡಿಕೆಯಾಗಿ, ಅಂಚು ಕದಡದೆ ಇಳಿದಿದ್ದವು, ಅವಸರದ ಹೊಲಿಗೆಯಲ್ಲ ಎಂದು ಅವನ ಕಣ್ಣು ಒಪ್ಪಿಕೊಂಡಿತು. ಇದನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು ಎಂದಳು ಅಕ್ಕ. ನೋಡಿ ತಪ್ಪು ತೋರಿಸುವುದನ್ನೇ ಹಟವಾಗಿ ಹಿಡಿದವರು ಊರೂರಲ್ಲಿದ್ದಾರೆ. ಅವನಿಗೆ ಅಷ್ಟು ಸಾಕಾಯಿತು. ಅವನ ಗಿರಾಕಿಗಳಿಗೂ ಹೊಲಿಗೆ ಗೊತ್ತಿಲ್ಲ, ಆದರೆ ಬಟ್ಟೆಯನ್ನು ಒಳಗುಹೊರಗು ಮಾಡಿ ನೋಡಿಯಾರು ಎಂಬ ಒಂದೇ ಭಯ ಅವನನ್ನು ಇಷ್ಟು ವರ್ಷ ನೆಟ್ಟಗೆ ಹೊಲಿಸಿತ್ತು. ಇದೇ ಇರಲಿ ಎಂದ. ಅವನ ಫೋನಿಗೆ ಅದು ಕೂರದು ಎಂದು ತಿಳಿದಾಗಲೂ ಎದೆಗುಂದಲಿಲ್ಲ. ಅಕ್ಕ ಡ್ರಾಯರಿನಿಂದ ಮೂಲೆ ಸವೆದ ಒಂದು ಹಳೆಯ ಫೋನು ತೆಗೆದಳು, ಅದಕ್ಕೆ ಕೂರುತ್ತದಂತೆ, ಇದನ್ನು ಕೊಟ್ಟು ಅದನ್ನು ಒಯ್ಯಬಹುದಂತೆ. ಕೇಬಲ್ ಚುಚ್ಚಿ, ಕೆಲಸ ಎಷ್ಟಾಯಿತೆಂದು ತೋರಿಸುವ ಪಟ್ಟಿ ಬೆಳೆಯುವುದನ್ನು ನೋಡುತ್ತ ಇಬ್ಬರೂ ಕೂತರು. ಅವನ ಫೋನಿನ ಹೊಟ್ಟೆ ಖಾಲಿಯಾಗಿ ಪರದೆ ಕಪ್ಪಾದಾಗ ಅವನಿಗೆ ಯಾರದೋ ಬಾಯಿಗೆ ಬೀಗ ಬಿದ್ದಷ್ಟು ಸಮಾಧಾನವಾಯಿತು. ಅಕ್ಕ ಮಾತ್ರ ಆ ಸಮಾಧಾನವನ್ನು ಕಂಡವಳಂತೆ ಮೆಲ್ಲಗೆ ಹೇಳಿದಳು:

“ಮಾಸ್ಟ್ರೇ, ಇದು ಇನ್ಮುಂದಕ್ಕೆ. ಆಗಲೇ ಹೊರಗೆ ಹೋಗಿರೋ ಮಾತನ್ನ ಇದು ವಾಪಸ್ ತರಲ್ಲ.”

ಗೊತ್ತು ಎಂದ. ಗೊತ್ತಿತ್ತು ಕೂಡ. ಆದರೂ ಬೀದಿಗಿಳಿದ ಮೇಲೆ ನಡೆದದ್ದಕ್ಕೆ ಅವನು ಹೊಣೆಯಲ್ಲ. ಬಿಸಿಲಿಗೆ ಕೈ ಅಡ್ಡ ಹಿಡಿದು ಟಾರ್ಚಿನ ಆ್ಯಪ್ ಒಂದನ್ನು ಹಾಕಿಕೊಂಡು ತೆರೆದರೆ, ಫೋನು ತಡೆದು ನಿಂತು ಕೇಳಿತು: ಇದು ನೀವಿರುವ ಸ್ಥಳ ತಿಳಿಯಲು ಬಯಸುತ್ತಿದೆ. ಕೆಳಗೆ ಮೂರು ಉತ್ತರ. ಬಳಸುವಾಗ ಮಾತ್ರ. ಈ ಬಾರಿ ಮಾತ್ರ. ಅನುಮತಿಸಬೇಡಿ. ದೀಪ ಹಚ್ಚುವವನಿಗೆ ನಾನೆಲ್ಲಿ ನಿಂತಿದ್ದರೇನು ಎಂದುಕೊಂಡು ಅವನು ಮೂರನೆಯದನ್ನು ಒತ್ತಿದ. ದೀಪ ಹತ್ತಿತು. ಗುಬ್ಬಿಯಷ್ಟು ಸಣ್ಣ ಸಂತೋಷವೊಂದು ಅವನ ಪಕ್ಕೆಯಲ್ಲಿ ಪಟಪಟನೆ ಬಡಿಯಿತು. ಹವಾಮಾನದವರು ಸಂಪರ್ಕ ಪಟ್ಟಿ ಕೇಳಿದರು, ಬೇಡ. ಕ್ಯಾಲ್ಕುಲೇಟರು ಕ್ಯಾಮೆರಾ ಕೇಳಿತು; ನಿನಗ್ಯಾಕಪ್ಪ ಕಣ್ಣು, ಬೇಡ. ಐವತ್ತನಾಲ್ಕು ವರ್ಷದ ಬಾಳಿನಲ್ಲಿ ಅವನ ಬಾಯಿಂದ ಇಷ್ಟು ಬೇಡಗಳು ಬಂದದ್ದಿಲ್ಲ. ನಾಳೆಯೇ ಬೇಕು ಎಂದ ಗಿರಾಕಿಗೆ ಹೂಂ, ಇನ್ನೊಂದು ತುತ್ತು ಎಂದ ಸೋದರತ್ತೆಗೆ ಹೂಂ, ತನ್ನ ಸ್ಟೂಲನ್ನು ‘ಐದು ನಿಮಿಷ’ ಎಂದು ಒಯ್ದು ವರ್ಷವಾದರೂ ತಂದುಕೊಡದ ಪಕ್ಕದ ಚಪ್ಪಲಿ ಅಂಗಡಿಯವನಿಗೆ ಹೂಂ. ಇಲ್ಲಿ ಬೇಡ ಎಂದರೆ ಯಾರೂ ಮುಖ ಸಿಂಡರಿಸುವುದಿಲ್ಲ, ಯಾಕೆ ಎನ್ನುವುದಿಲ್ಲ, ಕೆಲಸವೂ ನಿಲ್ಲುವುದಿಲ್ಲ. ಅವನು ನಡುಬೀದಿಯಲ್ಲಿ ನಿಂತು ಒಬ್ಬನೇ ನಕ್ಕ. ನಕ್ಕ ಲಹರಿಯಲ್ಲೇ ಚಪ್ಪಲಿ ಅಂಗಡಿಗೆ ಹೋಗಿ ಸ್ಟೂಲು ಎತ್ತಿಕೊಂಡು ಬಂದ. ಚಪ್ಪಲಿಯವನು ಓಹೋ ಎನ್ನಲೂ ಮರೆತು ಬಾಯಿಬಿಟ್ಟುಕೊಂಡು ನಿಂತ.

ಸ್ಟೂಲನ್ನು ಹೆಗಲಮೇಲೆ ಹೊತ್ತು ತನ್ನ ಅಂಗಡಿಯ ಮೆಟ್ಟಿಲು ಹತ್ತುವಾಗ ಮಾತ್ರ ಆ ಪ್ರಶ್ನೆ ಅವನ ಕಾಲಿಗೆ ತೊಡರಿಕೊಂಡಿತು. ಒಂದು ಜುಜುಬಿ ಟಾರ್ಚು ಕೂಡ ಅವನನ್ನು ಕೇಳಿತು. ಅವನು ಮೇಡಂ ಅವರನ್ನು ಕೇಳಿದ್ದನೇ? ನಿಮ್ಮ ಮೈಯ ಮಾತನ್ನು ಈ ಡಬ್ಬಿಗೆ ಹೇಳಲೇ ಎಂದು, ಈ ಬಾರಿ ಮಾತ್ರ ಎಂದಾದರೂ ಕೇಳಿದ್ದನೇ? ತಪ್ಪು ಸಹಾಯಕಿಯದು ಎಂದು ನಾಲ್ಕು ದಿನ ಅವಳನ್ನು ಬೈದದ್ದಾಯಿತು. ಹೆಂಡತಿಗೆ ಬರೆಯಲಾಗದಿದ್ದರೆ ತಾನೇ ನಾಲ್ಕು ಸಾಲು ಗೀಚಿಕೊಳ್ಳಬಹುದಿತ್ತಲ್ಲ. ಸೋಮಾರಿತನ, ಜೊತೆಗೆ ತನ್ನ ಕೈಚಳಕದ ವರ್ಣನೆ ತನಗೇ ಕೇಳಿಸಲಿ ಎಂಬ ಚಪಲ. ಅವನಿಗೆ ನಾಚಿಕೆಯಾಯಿತು, ಆ ನಾಚಿಕೆ ವಿಚಿತ್ರವಾಗಿ ಹಗುರಾಗಿತ್ತು. ಈಗ ಮಾಡಬೇಕಾದದ್ದು ಏನೆಂದು ಸ್ಪಷ್ಟವಾಗಿತ್ತು. ಅವನು ಮೊದಲು ಹೆಂಡತಿಯ ಕುರ್ಚಿಯ ಪಕ್ಕ ಸ್ಟೂಲು ಇಟ್ಟು ಕೂತು ಎಲ್ಲವನ್ನೂ ಹೇಳಿದ. ಅವಳು ಕನ್ನಡಕ ತೆಗೆಯಲಿಲ್ಲ. ಮೇಡಂ ಬಂದ ಕೂಡಲೇ ಹೇಳಿಬಿಡಿ, ಜಾಕೆಟ್ಟು ತೊಡಿಸಿ ಖುಷಿಪಡಿಸಿದ ಮೇಲೆ ಹೇಳಬೇಡಿ, ಅದು ಲಂಚ ಆಗುತ್ತದೆ ಎಂದಳು.

ನಾಲ್ಕು ಗಂಟೆಗೆ ಸರಿಯಾಗಿ ಮೇಡಂ ಬಂದು ಪರದೆಯೊಳಗೆ ಕನ್ನಡಿಯ ಮುಂದೆ ನಿಂತರು. ಜಾಕೆಟ್ಟು ಇನ್ನೂ ಹ್ಯಾಂಗರಿನಲ್ಲೇ ಇತ್ತು. ಅವನು ಕೈಕಟ್ಟಿಕೊಂಡು, ಪಾಠ ಒಪ್ಪಿಸುವವನಂತೆ, ಒಂದನ್ನೂ ಬಿಡದೆ ಹೇಳಿದ: ಯಾವ ದಿನ, ಯಾವ ಮಾತು, ಯಾರ ಕಿವಿಗೆ, ಎಷ್ಟು ಹೊತ್ತು. ಮೇಡಂ ಕನ್ನಡಿಯಲ್ಲಿ ಅವನನ್ನು ನೋಡುತ್ತಿದ್ದರು. ಅವರ ಮುಖದಲ್ಲಿ ಆಶ್ಚರ್ಯವಿರಲಿಲ್ಲ.

“ಗೊತ್ತು,” ಎಂದರು. “ನಿಮ್ಮ ಅತ್ತೆ ಮಾರನೇ ದಿನವೇ ನಮ್ಮ ಮನೆಗೆ ಬಂದಿದ್ರು. ಆ ರಾತ್ರಿ ನನಗೆ ಊಟ ಸೇರ್ಲಿಲ್ಲ ಮಾಸ್ಟ್ರೇ. ನೀವಾಗೇ ಹೇಳ್ತೀರೋ ಇಲ್ವೋ ಅಂತ ನೋಡೋಣ ಅಂತಲೇ ಇವತ್ತು ಬಂದೆ.”

ಅವನು ತಪ್ಪಾಯಿತು ಎಂದ. ಬೇರೆ ಯಾವ ಮಾತೂ ಅದಕ್ಕಿಂತ ದೊಡ್ಡದಾಗಿ ತೋರಲಿಲ್ಲ. ಮೇಡಂ ತಾವೇ ಹ್ಯಾಂಗರಿನಿಂದ ಜಾಕೆಟ್ಟು ತೆಗೆದು ತೊಟ್ಟರು, ಗುಂಡಿ ಹಾಕಿದರು, ಅತ್ತ ಇತ್ತ ತಿರುಗಿದರು. ಭುಜ ಕೂತಿತ್ತು, ಎದೆ ಕೂತಿತ್ತು. ವೇದಿಕೆಯ ಮೇಲೆ ನಿಲ್ಲುವವರ ಹಾಗೆ ಅವರ ಬೆನ್ನು ನೆಟ್ಟಗಾಯಿತು.

“ಉತ್ತರ ಸರಿ ಬಂದಿದೆ,” ಎಂದರು. “ಆದ್ರೆ ನೀವು ಲೆಕ್ಕ ಮಾಡಿದ ರೀತಿ ಪೂರ್ತಿ ತಪ್ಪು. ಅದಕ್ಕೆ ನಾನು ಅರ್ಧ ಅಂಕಾನೂ ಕೊಡಲ್ಲ. ಇವತ್ತು ಬಂದು ಒಪ್ಪಿಕೊಂಡ್ರಲ್ಲ, ಅದಕ್ಕೆ ಪಾಸು.”

ಯಾವ ಉತ್ತರ ಎಂದು ಅವನಿಗೆ ತಿಳಿಯಲಿಲ್ಲ. ಜಾಕೆಟ್ಟಿನ ಮಾತಿರಬೇಕು ಎಂದುಕೊಂಡ. ಆಗ ಮೇಡಂ, ಹೊರಗೆ ಬೆಂಚಿನ ಮೇಲೆ ಒಬ್ಬರು ಕಾಯುತ್ತಿದ್ದಾರೆ, ಯಾಕೆ ಬಂದಿದ್ದಾರೆ ಎನ್ನುವುದನ್ನು ಹೇಳಬೇಕಾದವಳು ನಾನಲ್ಲ ಎಂದು ಪರದೆ ಸರಿಸಿಕೊಂಡು ಹೊರಗೆ ಹೋದರು. ಬೆಂಚಿನಿಂದ ಎದ್ದು ಒಳಬಂದವಳು ಸೋದರತ್ತೆ. ಎಪ್ಪತ್ತೊಂದರ ಹೆಂಗಸು, ಮೈತುಂಬ ಶಾಲು ಹೊದ್ದಿದ್ದಳು. ಅವಳು ಒಳಗೆ ಬಂದವಳೇ ಪರದೆಯನ್ನು ಎಳೆದು, ಸಂದಿ ಉಳಿದಿದೆಯೇ ಎಂದು ಬೆರಳಿಟ್ಟು ನೋಡಿದಳು. ಈ ಪರದೆಯೊಳಗೆ ಅವಳು ಕಾಲಿಟ್ಟು ಹನ್ನೊಂದು ವರ್ಷವಾಗಿತ್ತು. ಅಂದಿನಿಂದ ಅವಳು ಸಿದ್ಧ ಉಡುಪಿನ ಅಂಗಡಿಯಿಂದ ಚೀಲದಂಥ ಅಂಗಿಗಳನ್ನು ತಂದು ತೊಡುತ್ತಿದ್ದಳು, ಸ್ವಂತ ಅಣ್ಣನ ಮಗ ದರ್ಜಿಯಾಗಿದ್ದೂ ಹೀಗೆ ಮಾಡುತ್ತಾಳಲ್ಲ ಎಂದು ಅವನು ಒಳಗೊಳಗೇ ಕುದಿದಿದ್ದ. ಅವಳು ಮೇಜಿನ ಮೇಲಿದ್ದ ಫೋನಿನ ಕಡೆ ಗಲ್ಲ ತೋರಿಸಿದಳು.

“ಅದು ಕೇಳಿಸ್ಕೊಳ್ತಿದೆಯಾ?”

“ಇಲ್ಲ ಅತ್ತೆ. ನಾನು ಬಿಟ್ರೆ ಮಾತ್ರ.”

“ಬಿಡಬೇಡ.”

ಅವಳು ಶಾಲು ತೆಗೆದು ಸ್ಟೂಲಿನ ಮೇಲೆ ಇಟ್ಟಳು. ಎಂದೂ ಮಾತಿಗೆ ತಡಕಾಡದವಳು ಈಗ ಗುಂಡಿಗಳ ಜೊತೆಗೂ ಮಾತಿನ ಜೊತೆಗೂ ತಡಕಾಡಿದಳು.

“ನಂದು ಬಲಗಡೆ ಕಣೋ,” ಎಂದಳು. “ಹನ್ನೊಂದು ವರ್ಷದ ಹಿಂದೆ ಗೆಳತಿ ಮನೆಗೆ ಹೋಗ್ತೀನಿ ಅಂತ ಮೂರು ವಾರ ಹೋಗಿದ್ನಲ್ಲ, ಆಗ ತೆಗೆದ್ರು. ಬೇರೆಯವರ ಸುದ್ದಿ ಹೇಳ್ತಾ ಇದ್ರೆ ನಮ್ಮದನ್ನ ಯಾರೂ ಕೇಳಲ್ಲ. ನೀನು ಮೊನ್ನೆ ಹತ್ತಿ ಇಷ್ಟು, ಪದರ ಇಷ್ಟು ಅಂತ ನಿಧಾನವಾಗಿ ಹೇಳ್ತಾ ಇದ್ದೆ. ಹೀಗೂ ಮಾಡಬಹುದಾ ಅಂತ ಕೇಳ್ತಾ ಕೂತುಬಿಟ್ಟೆ. ಕೇಳಬಾರದಿತ್ತು. ಅದಕ್ಕೇ ಅವರ ಮನೆಗೆ ಹೋಗಿ ಹೇಳಿ ಬಂದೆ.”

ಇಪ್ಪತ್ತನೇ ವಯಸ್ಸಿನಿಂದ ಅವನು ಇವಳ ಬಾಯಿಗೆ ಹೆದರಿ ಬದುಕಿದ್ದ. ಆ ಬಾಯಿ ಇಷ್ಟು ಭಾರದ್ದನ್ನು ಹನ್ನೊಂದು ವರ್ಷ ಮುಚ್ಚಿಟ್ಟುಕೊಂಡಿತ್ತು. ಅವನು ಅಳತೆಯ ಟೇಪನ್ನು ಕೊರಳಿನಿಂದ ತೆಗೆದು, ಅದರ ತಣ್ಣಗಿನ ತಗಡಿನ ತುದಿಯನ್ನು ಅಂಗೈಯಲ್ಲಿ ಒತ್ತಿ ಬೆಚ್ಚಗೆ ಮಾಡಿದ. ಪರದೆಯ ಆಚೆ ಹೆಂಡತಿ, ಬರೆಯೋದು ಬೇಡ, ನೀವು ನನ್ನ ಕಿವಿಗೆ ಹೇಳಿ, ನಾನು ನೆನಪಿಟ್ಟುಕೊಳ್ಳುತ್ತೇನೆ ಎಂದು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ ಸದ್ದಾಯಿತು. ಸೋದರತ್ತೆ ಎರಡೂ ತೋಳುಗಳನ್ನು ಮೆಲ್ಲಗೆ ಅಗಲಿಸಿ ಕನ್ನಡಿಯನ್ನು ನೇರವಾಗಿ ನೋಡಿದಳು.

“ಸಡಿಲ ಬೇಡ,” ಎಂದಳು. “ಮೈಗೆ ಕೂರೋ ಹಾಗಿರ್ಲಿ. ಬಣ್ಣ ಕೆಂಪು. ಕೆಂಪು ಅಂದ್ರೆ ಕೆಂಪೇ, ಮಾಸಲು ಗೀಸಲು ತರಬೇಡ.”

ಅವನು ಟೇಪು ಸುತ್ತಿದ. ಕಣ್ಣು ತುಂಬಿಕೊಂಡಿದ್ದರಿಂದ ಅಂಕಿಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಒರೆಸಿಕೊಂಡು ಇನ್ನೊಮ್ಮೆ ಅಳೆದ.